ಹಿನ್ನೀರಿನ ದಂಡೆಗೆ ನಾನು ಕಟ್ಟಿದ ಬೆಲೆ

ಈ ಆಷಾಢದಲ್ಲಿ ಹುಕ್ಕೇರಿಯ ಗಿರಾಕಿಯೊಬ್ಬರಿಗೆ ಮಳೆಗೆ ಹೊದಿಸುವ ತಾಡಪತ್ರಿ ಮುಟ್ಟಿಸಿ ವಾಪಸು ಬರುವಾಗ ಹಿಡಕಲ್ ಹಿನ್ನೀರಿನ ದಂಡೆಯಲ್ಲಿ ಜೀಪು ನಿಲ್ಲಿಸಿದೆ. ಬಾಗಿಲು ತೆಗೆಯುತ್ತಿದ್ದಂತೆ ಗಾಳಿ ಅದನ್ನು ನನ್ನ ಕೈಯಿಂದ ಕಸಿದುಕೊಂಡು ಬಡಿಯಿತು. ತೊಯ್ದ ಉಣ್ಣೆಯ ವಾಸನೆ, ಕುರಿಹಿಕ್ಕೆಯ ವಾಸನೆ, ಆಗತಾನೆ ಮುಳುಗುತ್ತಿರುವ ಮಣ್ಣಿನ ವಾಸನೆ ಎಲ್ಲ ಕೂಡಿ ಬಂದವು. ಬೇರೆಯವರಿಗೆ ಇದರಿಂದ ತವರು ನೆನಪಾಗಬಹುದು. ನನಗೆ ಗಿರಿಧರ ಎಂಬ ಮನುಷ್ಯ ನನ್ನದೇ ತಾಡಪತ್ರಿ ಹೊದ್ದು ನಡುಗುತ್ತ ಕೂತದ್ದು ನೆನಪಾಗುತ್ತದೆ. ಹೊಟ್ಟೆ ತಣ್ಣಗಾಗುತ್ತದೆ.

ದೊಡ್ಡ ಮನಸ್ಸು ಮಾಡಿ ಮರೆತುಬಿಡಬೇಕು ಎಂದು ಬುದ್ಧಿ ಹೇಳುವವರು ನನಗೆ ಬಹಳ ಮಂದಿ ಸಿಕ್ಕಿದ್ದಾರೆ. ಅವರ ತಮ್ಮಂದಿರ ಎರಡೂ ಕೈ ನೆಟ್ಟಗಿವೆ.

ನಾನು ಕುಲಗೋಡದವಳು. ಗೋಕಾಕದ ಸಂತೆಯಲ್ಲಿ ಹಳೆಯ ತಾಡಪತ್ರಿಗಳನ್ನು ನೆಲದ ಮೇಲೆ ಹರಡಿಕೊಂಡು ಶುರು ಮಾಡಿದವಳು ಈಗ ಸ್ವಂತ ಅಂಗಡಿ ಇಟ್ಟಿದ್ದೇನೆ. ತಾಡಪತ್ರಿ, ನೈಲಾನ್ ಹಗ್ಗ, ಬಾಡಿಗೆ ಟೆಂಟು, ಕಬ್ಬು ಕಡಿಯುವ ಗ್ಯಾಂಗಿನವರ ಗುಡಿಸಲಿಗೆ ಬೇಕಾದದ್ದೆಲ್ಲ ನನ್ನಲ್ಲಿ ಸಿಗುತ್ತದೆ. ತಾಡಪತ್ರಿ ಕೊಳ್ಳುವಾಗ ನಡುವಿನ ಬಟ್ಟೆ ತಿಕ್ಕಿ ನೋಡುತ್ತ ಕೂರಬೇಡಿ. ಹಗ್ಗ ಪೋಣಿಸುವ ಮೂಲೆಯ ರಿಂಗು ಎಳೆದು ನೋಡಿ. ಗಾಳಿ ಹಿಡಿದು ಜಗ್ಗುವುದು ಅಲ್ಲಿ. ಇದನ್ನು ನಾನು ಗಿರಾಕಿಗಳಿಗೆ ಪುಕ್ಕಟೆಯಾಗಿ ಹೇಳುತ್ತೇನೆ.

ತಮ್ಮ ಬಸು ನನಗಿಂತ ಬಹಳ ಚಿಕ್ಕವನು. ಅವ್ವ ಹೋದ ಮೇಲೆ ನನ್ನ ಸೊಂಟದ ಮೇಲೇ ಬೆಳೆದ. ಘಟಪ್ರಭೆಯಲ್ಲಿ ಈಜು ಕಲಿತು, ಸಮುದ್ರದ ಕಡೆ ಕೆಲಸಕ್ಕೆ ಹೋಗಿ, ಅಲ್ಲಿ ಕೈಟ್ ಸರ್ಫಿಂಗ್ ಎಂಬ ಆಟ ಕಲಿತ. ಕಾಲಿಗೆ ಹಲಗೆ ಸಿಕ್ಕಿಸಿಕೊಂಡು, ಸೊಂಟದ ಪಟ್ಟಿಗೆ ದೊಡ್ಡ ಪತಂಗ ಕಟ್ಟಿಕೊಂಡು, ಅದು ಎಳೆದ ಹಾಗೆ ನೀರಿನ ಮೇಲೆ ಜಾರುವುದು. ಗಾಳಿ ಹೋಗುವ ದಿಕ್ಕಿಗೇ ದಂಡೆಗುಂಟ ಒಂದು ಊರಿನಿಂದ ಇನ್ನೊಂದು ಊರಿಗೆ ಹೋಗುವುದಕ್ಕೆ ಡೌನ್‌ವಿಂಡ್ ಎನ್ನುತ್ತಾರೆ. ಮೊದಲ ಸಲ ಕೇಳಿದಾಗ ನಾನು ನಕ್ಕಿದ್ದೆ.

"ಪತಂಗ ಹಾರಿಸಿದ್ರ ಯಾರ ಪಗಾರ ಕೊಡ್ತಾರೋ?"

"ಹಾರಸಾಕ ಅಲ್ಲ ಯಕ್ಕಾ. ಹಾರಸೂ ಮಂದಿ ಮುಳಗಲಾರದಂಗ ನೋಡ್ಕೊಳ್ಳಾಕ ಕೊಡ್ತಾರ."

ಆ ಪಗಾರ ಕೊಡುತ್ತಿದ್ದವನೇ ಗಿರಿಧರ. ಸಮುದ್ರದ ದಂಡೆಯಲ್ಲಿ ಅವನದೊಂದು ಶಿಬಿರ ಇತ್ತು. ಕೆಲವು ವರ್ಷಗಳ ಹಿಂದೆ ಬೇಸಿಗೆಯ ಕೊನೆಗೆ ಇಬ್ಬರು ಗಿರಾಕಿಗಳ ಜೊತೆ ಬಸುವನ್ನು ದೂರದ ಡೌನ್‌ವಿಂಡಿಗೆ ಕಳಿಸಿದ. ಹಿಂದೆ ಬರಬೇಕಾದ ದೋಣಿಯನ್ನು ಬೇರೆ ಗಿರಾಕಿಗಳಿಗೆ ಡಾಲ್ಫಿನ್ ತೋರಿಸಲು ಕೊಟ್ಟಿದ್ದ. ಮುಂಗಾರಿಗೆ ಮುಂಚಿನ ಗಾಳಿ ನಂಬುವಂಥದ್ದಲ್ಲ. ದಂಡೆಗೆ ಓರೆಯಾಗಿ ಬೀಸುತ್ತಿದ್ದದ್ದು ಒಂದು ಕರಿಮೋಡ ಎದ್ದ ಕೂಡಲೆ ತಿರುಗಿ, ನೆಲದಿಂದ ಸಮುದ್ರದ ಕಡೆ ನೂಕತೊಡಗಿತು. ಬಸು ಇಬ್ಬರನ್ನೂ ದಂಡೆಗೆ ಹತ್ತಿಸಿದ. ಅವನ ಪತಂಗದ ದಾರ ಎಡಗೈಗೆ ಸುತ್ತಿಕೊಂಡು, ಅವನೊಬ್ಬನೇ ಒಳಕ್ಕೆ ಹೋದ. ಮೀನುಗಾರರು ಕಂಡು ಎತ್ತಿ ಹಾಕಿಕೊಂಡದ್ದರಿಂದ ಉಳಿದ. ಆ ಕೈಯ ಎರಡು ಬೆರಳು ಇವತ್ತಿಗೂ ಮಡಚುವುದಿಲ್ಲ.

ಇಷ್ಟೇ ಆಗಿದ್ದರೆ ದೈವ ಎನ್ನುತ್ತಿದ್ದೆ. ಆದರೆ ದೋಣಿ ಯಾಕೆ ಇರಲಿಲ್ಲ ಎಂದು ಮಂದಿ ಕೇಳತೊಡಗಿದಾಗ ಗಿರಿಧರ, "ಅವನು ಅವತ್ತು ಕುಡಿದಿದ್ದ" ಎಂದು ಹೇಳಿಬಿಟ್ಟ. ಪಂಢರಪುರದ ತುಳಸಿಮಾಲೆ ಹಾಕಿಕೊಂಡ ಹುಡುಗ. ಮಾಲೆ ಹಾಕಿಕೊಂಡವರು ಕುಡಿಯುವ ಮನೆಯ ನೀರನ್ನೂ ಮುಟ್ಟುವುದಿಲ್ಲ ಎಂಬುದು ನಮ್ಮ ಕಡೆ ಎಲ್ಲರಿಗೂ ಗೊತ್ತು. ಹೀಗಾಗಿ ಆ ಮಾತು ನಮ್ಮ ಕಡೆಗೆ ಬಂದಾಗ ಎರಡು ಪಟ್ಟು ಹೊಲಸಾಯಿತು: ಕುಡುಕ, ಮೇಲಾಗಿ ಮಾಲೆ ಹಾಕಿದ ಕುಡುಕ. ಬಸುವಿಗೆ ಮೂಡಲಗಿಯ ಮಲ್ಲಪ್ಪ ಎಂಬುವರ ಮಗಳು ರೇಣುಕಾಳನ್ನು ನಿಶ್ಚಯ ಮಾಡಿದ್ದೆವು. ಮಲ್ಲಪ್ಪ ಸ್ವತಃ ನಮ್ಮ ಮನೆಗೆ ಬಂದು ಸೀರೆ, ಉಂಗುರ ಕಟ್ಟೆಯ ಮೇಲಿಟ್ಟರು.

"ಶಾಂತಕ್ಕಾ, ಸಿಟ್ಟಾಗಬ್ಯಾಡ್ರಿ. ಸಮುದ್ರದಾಗ ಕುಡದ ಬಿದ್ದಾಂವಗ ಮಗಳನ್ನ ಕೊಟ್ಟು ನಾ ಹೆಂಗ ನಿದ್ದಿ ಮಾಡ್ಲಿ?"

"ಯಾರ ನೋಡ್ಯಾರ್ರಿ ಕುಡದದ್ದು?"

"ಅಂವಗ ಪಗಾರ ಕೊಡೋ ಸಾವ್ಕಾರನ ಹೇಳ್ಯಾನಂತ. ಅಂವ್ಯಾಕ ಸುಳ್ಳ ಹೇಳ್ತಾನ?"

ಒಳಗೆ ಮಲಗಿದ್ದ ಬಸು ಎಲ್ಲ ಕೇಳಿಸಿಕೊಂಡ. ಹೊರಗೆ ಬರಲಿಲ್ಲ.

ಅದಾಗಿ ಮಳೆ ಹಿಡಿದ ಹೊಸತರಲ್ಲಿ ಒಂದು ದಿನ ಮಧ್ಯಾಹ್ನ ನನ್ನ ಅಂಗಡಿಯ ಮುಂದೆ ದೊಡ್ಡ ಗಾಡಿ ನಿಂತಿತು. ಇಳಿದವನ ಶರ್ಟಿನ ಎದೆಯ ಮೇಲೆ ಒಂದು ಹೆಸರು, ಅದರ ಕೆಳಗೆ ಅಲೆಯ ಗುರುತು. ಅಂಥದೇ ಶರ್ಟು ನಮ್ಮ ಮನೆಯಲ್ಲಿತ್ತು. ಅದರ ರಕ್ತದ ಕಲೆ ಹೋಗಲೆಂದು ನಾನೇ ಉಪ್ಪು ಹಾಕಿ ತಿಕ್ಕಿದ್ದೆ. ಗಿರಿಧರನಿಗೆ ನನ್ನ ಗುರುತಿರಲಿಲ್ಲ. ಬಸುವಿಗೊಬ್ಬಳು ಅಕ್ಕ ಇರಬಹುದು ಎಂಬ ವಿಚಾರವೂ ಅವನಿಗೆ ಬಂದಿರಲಿಕ್ಕಿಲ್ಲ.

"ಟೆಂಟು ಬಾಡಿಗೆಗೆ ಸಿಗುತ್ತಾ ಅಕ್ಕಾ?" ಎಂದ.

"ಸಿಗತಾವ್ರಿ. ಬರ್ರಿ, ಕೂಡ್ರಿ. ಎಲ್ಲಿಗೆ ಬೇಕ್ರಿ?"

ಮಳೆಗಾಲದಲ್ಲಿ ಸಮುದ್ರ ಬಂದ್. ಹಿಡಕಲ್ ಹಿನ್ನೀರಿನ ಮೇಲೆ ಆಷಾಢದ ಗಾಳಿ ಹೇಗಿರುತ್ತದೆಂದು ಯಾರೋ ಅವನಿಗೆ ಹೇಳಿದ್ದರು. ದೊಡ್ಡ ದೊಡ್ಡ ಗಿರಾಕಿಗಳನ್ನು ಕರೆತಂದು ಇಲ್ಲಿ ಡೌನ್‌ವಿಂಡ್ ಮಾಡಿಸಬೇಕು, ಪರವಾನಗಿ ಕೈಯಲ್ಲಿದೆ, ಸ್ಥಳೀಯ ವ್ಯವಸ್ಥೆಗೆ ಒಬ್ಬರು ಗಟ್ಟಿ ಜನ ಬೇಕು ಎಂದ. ಟೆಂಟು, ಜೀಪು, ದೋಣಿ, ದಂಡೆಯ ಹೊಲದವರ ಒಪ್ಪಿಗೆ, ಎಲ್ಲ.

ನಾನು ಹೇಳಿದ ರೇಟು ಕೇಳಿ ಅವನಿಗೇ ಆಶ್ಚರ್ಯವಾಯಿತು, ಅಷ್ಟು ಕಡಿಮೆ ಇತ್ತು. ವ್ಯಾಪಾರ ಮಾಡುವವರಿಗೆ ಇದೊಂದು ಮಾತು ಹೇಳಿಡುತ್ತೇನೆ: ಯಾರ ಮೇಲೆ ನಮಗೆ ಸಿಟ್ಟಿದೆಯೋ ಅವರಿಗೆ ರೇಟು ಏರಿಸಬಾರದು. ಏರಿಸಿದರೆ ಎದುರಿನವನು ಬಾಗಿಲಲ್ಲೇ ತಿರುಗಿ ಹೋಗುತ್ತಾನೆ. ಇಳಿಸಿದರೆ ಒಳಗೆ ಬಂದು ಕಾಲು ಚಾಚಿ ಕೂರುತ್ತಾನೆ.

ಸಂಜೆ ಬಸುವಿಗೆ ಹೇಳಿದೆ. ಅವನ ಮುಖ ಬೆಳ್ಳಗಾಯಿತು.

"ಯಕ್ಕಾ, ಅಂವನ ಹೆಸರ ನನ್ನ ಮುಂದ ತಗೀಬ್ಯಾಡ."

"ತಗೀತೇನಿ. ನಿನ್ನ ಹೆಸರ ಅಂವ ಊರೆಲ್ಲಾ ತಗದಾನಲ್ಲ. ನೀ ಒಂದ ಹೇಳು: ಇಲ್ಲಿ ಈ ಆಟ ಒಬ್ಬರಿಗೂ ಧಕ್ಕಿ ಆಗಲಾರದಂಗ ಮಾಡಬೇಕಂದ್ರ ಏನೇನ ಬೇಕು?"

"ಅಂವಗ ಯಾಕ ಚಲೋ ಮಾಡಿ ಕೊಡ್ತಿ?"

"ಅಂವಗ ಅಲ್ಲೋ. ವ್ಯವಸ್ಥಾ ಚಲೋ ಇದ್ದಷ್ಟು ಅಂವಗ ಅದನ್ನ ಬಿಟ್ಟು ಹೋಗೂದು ತ್ರಾಸ ಆಗತೈತಿ. ಆಮ್ಯಾಲೆ ನಾ ರೇಟ ಹೇಳತೇನಿ."

ಬಸು ಎದ್ದು, ಅಂಗಡಿಯ ಸುತ್ತುಕಾಗದದ ಮೇಲೆ ಪೆನ್ಸಿಲಿನಿಂದ ಹಿನ್ನೀರಿನ ಆಕಾರ ಬರೆಯತೊಡಗಿದ. ಸಮುದ್ರದಿಂದ ಬಂದ ಮೇಲೆ ಅವನು ಒಂದು ಕೆಲಸಕ್ಕೆ ತಾನಾಗಿ ಕೈ ಹಾಕಿದ್ದು ಅದೇ ಮೊದಲು.

ಇಂಥ ಪ್ರವಾಸ ಯೋಚಿಸುವವರಿಗೆ ಅವನು ಹೇಳಿದ್ದನ್ನು ನಾನೂ ಹೇಳುತ್ತೇನೆ. ಎಲ್ಲಿಂದ ಹೊರಡಬೇಕು ಎಂಬುದು ಆಮೇಲಿನ ಮಾತು. ಎಲ್ಲಿ ನಿಲ್ಲಬೇಕು ಎಂಬುದನ್ನು ಮೊದಲು ಗೊತ್ತು ಮಾಡಿ. ನಮ್ಮಲ್ಲಿ ಗಾಳಿ ಪಡುವಣದಿಂದ ಮೂಡಣಕ್ಕೆ ಬೀಸುತ್ತದೆ, ಮೂಡಣದ ತುದಿಯಲ್ಲಿ ಆಣೆಕಟ್ಟು ಇದೆ. ಅಂದರೆ ಗಾಳಿಯ ಮೇಲೆ ಬಿಟ್ಟರೆ ಅದು ನಿಮ್ಮನ್ನು ನೇರ ಗೇಟುಗಳ ಕಡೆಗೇ ಒಯ್ಯುತ್ತದೆ. ಅದಕ್ಕೆ ಬಹಳ ಮುಂಚೆಯೇ, ದಂಡೆಯ ದಿಬ್ಬದ ಮೇಲಿನ ಬೇವಿನ ಮರವನ್ನು ಕೊನೆಯ ಗಡಿ ಎಂದು ಬಸು ಗೊತ್ತು ಮಾಡಿದ. ಗಾಳಿ ಓರೆಯಾಗಿ ದಂಡೆಯ ಕಡೆ ಬೀಸುವ ಬದಿಯನ್ನೇ ಆರಿಸಬೇಕು, ಆಗ ಕೈಸೋತವನೂ ತೇಲಿಕೊಂಡು ನೆಲಕ್ಕೇ ಬರುತ್ತಾನೆ. ನಡುನಡುವೆ ಇಳಿಯುವ ಜಾಗ ಬೇಕು, ಅಲ್ಲಿ ವಿದ್ಯುತ್ ತಂತಿ ಇರಬಾರದು. ದೋಣಿ ಎಲ್ಲರಿಗಿಂತ ಹಿಂದೆ ಬರಬೇಕು. ಎಲ್ಲರ ಸೊಂಟದಲ್ಲೂ ದಾರ ಕತ್ತರಿಸುವ ಕೊಕ್ಕೆಚಾಕು ಇರಬೇಕು. ಮಳೆಮೋಡ ನೀರಿನ ಮೇಲೆ ಕರ್ರಗೆ ಇಳಿಯುತ್ತಿದ್ದರೆ, ಎಷ್ಟೇ ದೊಡ್ಡ ಗಿರಾಕಿ ಇರಲಿ, ಪತಂಗ ನೆಲದ ಮೇಲಿರಬೇಕು. ಮತ್ತು ಹೋಗೋಣ, ಬೇಡ ಎಂದು ಹೇಳುವವನು ಒಬ್ಬನೇ ಇರಬೇಕು. ಅವನು ಹಣ ಪಡೆಯುವವನಾಗಿರಬಾರದು.

"ಈ ಕಡೀ ಮಾತ ಯಾರ ಕಲಿಸಿದ್ರೋ?" ಎಂದು ಕೇಳಿದೆ.

"ಗಿರಿಧರ ಸರ್" ಎಂದ ಬಸು.

ದಂಡೆಯ ವಿಚಾರ ಮಾತ್ರ ನನ್ನ ಕೆಲಸ. ಅಲ್ಲಿ ಒಂದು ಪದ್ಧತಿ ಇದೆ. ಬೇಸಿಗೆಯಲ್ಲಿ ನೀರು ಇಳಿದಂತೆ ಬಯಲಾಗುವ ನೆಲವನ್ನು ಸುತ್ತಲಿನವರು ಹಂಚಿಕೊಂಡು ಬಿತ್ತುತ್ತಾರೆ. ಕಾಗದವಿಲ್ಲ, ಬರೀ ಬಾಯಿಮಾತು. ಮಳೆಗಾಲ ಬಂದು ನೀರು ಏರಿದಂತೆ ಒಂದೊಂದೇ ಹೊಲ ಮುಳುಗುತ್ತದೆ. ಬೇಲಿಯ ಗೂಟ, ತಂತಿ, ಪಂಪಿನ ಪೈಪುಗಳನ್ನು ಕೆಲವರು ಕಿತ್ತುಕೊಂಡು ಹೋಗುತ್ತಾರೆ, ಕೆಲವರು ನೀರಿಗೇ ಬಿಡುತ್ತಾರೆ. ಅದರ ಮೇಲಿನ ಹುಲ್ಲಿನ ಪಟ್ಟಿಗೆ ಆಗ ಕುರಿಯವರು ಬಂದು ಬೀಡು ಬಿಡುತ್ತಾರೆ. ಹೀಗಾಗಿ ದಂಡೆ ಎಂದರೆ ಒಂದು ಜಾಗವಲ್ಲ. ಅದು ವಾರದಿಂದ ವಾರಕ್ಕೆ ಮೇಲಕ್ಕೆ ಸರಿಯುತ್ತದೆ, ಸರಿದ ಹಾಗೆ ಅದರ ಯಜಮಾನನೂ ಬದಲಾಗುತ್ತಾನೆ.

ಮೊದಲ ವಾರ ಗಿರಿಧರ ನನ್ನ ಜೊತೆ ದಂಡೆಯೆಲ್ಲ ತಿರುಗಿದ. ಇಳಿಯಲು ಎರಡು ಜಾಗ ನೋಡಿ ತನ್ನ ಫೋನಿನ ನಕ್ಷೆಯಲ್ಲಿ ಗುರುತು ಹಾಕಿಕೊಂಡ. "ಇನ್ನು ನನಗೆ ಎಲ್ಲಾ ಗೊತ್ತಾಯಿತು" ಎಂದ. ನಾನು ಹೌದೆಂದೆ. ಅವನು ತನ್ನೂರಿಗೆ ಹೋದ ಮೇಲೆ ನೀರು ಏರುತ್ತ ಹೋಯಿತು, ನಾನೂ ಏರುತ್ತ ಹೋದೆ. ಹೊಸ ದಂಡೆಯವರ ಮನೆಗೆ ಹೋಗಿ ಚಹಾ ಕುಡಿದು, ಹೊಸದಾಗಿ ಮಾತು ತೆಗೆದುಕೊಂಡೆ. ಎಲ್ಲರಿಗಿಂತ ಗಟ್ಟಿಯಾಗಿ ನಿಂತವರು ಕುರಿಯ ಸಿದ್ದಪ್ಪ ಕಾಕಾ.

"ಅಷ್ಟ ದೊಡ್ಡ ಪತಂಗ ತಲಿ ಮ್ಯಾಲ ಬಂದ್ರ ನನ್ನ ಕುರಿ ನಿಲ್ತಾವೇನ? ಗಬ್ಬದ ಕುರಿ ಕಂದ ಹಾಕಿದ್ರ ಯಾರ ಹೊಣಿ?"

"ನಾ ಹೊಣಿ ಕಾಕಾ."

"ನೀ ಕಂದ ಹಾಕಾಕಿ ಅಲ್ಲಲ್ಲ."

"ಒಂದ ದಿನ ದಿಬ್ಬದ ಆಚಿ ಹೊಡ್ಕೊಂಡ ಹೋಗ್ರಿ. ಮರಿಗೊಳ ಮ್ಯಾಲ ಹೊಚ್ಚಾಕ ಹೊಸಾ ತಾಡಪತ್ರಿ ಕೊಡ್ತೇನಿ."

"ಹರದದ್ದ ಕೊಡಬ್ಯಾಡ ಮತ್ತ."

"ಮೂಲಿ ಜಗ್ಗಿ ನೋಡಿ ತಗೋರಿ."

ಕಾಕಾ ಒಪ್ಪಿದರು. ಒಂದು ಮಾತು ಸೇರಿಸಿದೆ: ನಾನಾಗಲಿ ಬಸುವಾಗಲಿ ಹೇಳಿ ಕಳಿಸಿದರೆ ಮಾತ್ರ ಕುರಿ ಸರಿಸಬೇಕು, ಬೇರೆ ಯಾರೇ ಕೇಳಿದರೂ ಇಲ್ಲ. ದಂಡೆಯ ಉಳಿದವರಿಗೂ, ಮೀನು ಹಿಡಿಯುವ ರಾಜೇಸಾಬನ ಎಂಜಿನ್ ದೋಣಿಗೂ ಅದೇ ಕರಾರು.

ಗಿರಾಕಿಗಳು ಬಂದರು. ಟೆಂಟು ಎದ್ದವು. ಅವರಲ್ಲಿ ಬೆಳಗಾವಿಯ ಒಬ್ಬ ಡಾಕ್ಟರಬಾಯಿ ಹಿರಿಯಳು, ಉಳಿದವರು ಅವಳ ಮಾತು ಕೇಳುವವರು. ಮರುದಿನ ಬೆಳಿಗ್ಗೆ ಹೊರಡುವುದೆಂದಾಯಿತು. ಆ ಸಂಜೆ ಗಿರಿಧರನನ್ನು ನನ್ನ ಜೀಪಿನ ಹತ್ತಿರ ಕರೆದೆ.

"ಸರ್, ಎಲ್ಲಾ ತಯಾರ ಐತಿ. ರೇಟ ಒಂದ ಮಾತಾಡೂದು ಉಳದೈತಿ."

ಅವನು ನಕ್ಕ. "ನನಗೆ ಗೊತ್ತಿತ್ತು ಅಕ್ಕಾ, ಅಷ್ಟು ಕಡಿಮೆಗೆ ಯಾರೂ ಮಾಡುವುದಿಲ್ಲ. ಎಷ್ಟು ಬೇಕು ಹೇಳಿ."

"ರೊಕ್ಕಾ ಬ್ಯಾಡ್ರಿ. ಮೂಡಲಗಿಗೆ ಬರಬೇಕು. ಅಲ್ಲೊಂದ ಮನ್ಯಾಗ ಕುಂತು, ಅವತ್ತ ಬಸು ಕುಡದಿದ್ದಿಲ್ಲ, ದೋಣಿ ನಾನ ಬ್ಯಾರೆ ಕಡಿ ಕಳಿಸಿದ್ದೆ, ಅಂತ ನಿಮ್ಮ ಬಾಯಿಂದ ಹೇಳಬೇಕು. ಅಂವ ನನ್ನ ತಮ್ಮ."

ಅವನ ನಗು ಮುಖದ ಮೇಲೆ ಹಾಗೇ ಉಳಿಯಿತು, ಕಣ್ಣು ಮಾತ್ರ ಬದಲಾದವು. ಮೊದಲು ಹಣದ ಮಾತು ತೆಗೆದ, ಬಸುವಿನ ಔಷಧಕ್ಕೆ ಎಂದ. ಆಮೇಲೆ ತನ್ನ ವ್ಯಾಪಾರ ಹಾಳಾಗುತ್ತದೆ ಎಂದ. ಕೊನೆಗೆ ದನಿ ಗಟ್ಟಿ ಮಾಡಿದ.

"ನಿಮ್ಮೂರಲ್ಲಿ ನೀವೊಬ್ಬರೇ ಇರುವುದಾ? ನನ್ನ ಹತ್ತಿರ ನಕ್ಷೆ ಇದೆ, ಜಾಗ ನೋಡಿದ್ದೇನೆ. ನಿಮ್ಮ ದೋಣಿ ನೀವೇ ಇಟ್ಟುಕೊಳ್ಳಿ."

"ಆತ್ರಿ. ದಂಡಿ ನೀವ ನೋಡಿದಲ್ಲೇ ಐತೇನ ನೋಡ್ಕೋರಿ" ಎಂದೆ. ಅವನು ಬೆದರಿಕೆ ಎಂದುಕೊಂಡ. ನಾನು ಸುದ್ದಿ ಹೇಳಿದ್ದೆ.

ಬೆಳಿಗ್ಗೆ ಡಾಕ್ಟರಬಾಯಿ ದೋಣಿ ಎಲ್ಲಿ ಎಂದು ಕೇಳಿದಳು. ದೋಣಿ ದೂರದಲ್ಲಿ, ರಾಜೇಸಾಬನ ಗೂಟಕ್ಕೆ ಕಟ್ಟಿಕೊಂಡೇ ಇತ್ತು. ಗಿರಿಧರ, ಇಷ್ಟು ಸಣ್ಣ ನೀರಿಗೆ ದೋಣಿ ಬೇಕಾಗಿಲ್ಲ, ಮೊದಲು ನಾನು ಹೋಗಿ ತೋರಿಸುತ್ತೇನೆ, ನೀವು ಗಾಡಿಯಲ್ಲಿ ದಂಡೆಗುಂಟ ಬನ್ನಿ ಎಂದ. ಪಡುವಣದಲ್ಲಿ ಮೋಡ ಕಟ್ಟುತ್ತಿತ್ತು. ಬಸು ಟೆಂಟಿನ ಮರೆಯಲ್ಲಿ ನಿಂತಿದ್ದವನು ನನ್ನ ಕೈ ಹಿಡಿದ.

"ಯಕ್ಕಾ, ಅಂವನ್ನ ಬಿಡಬ್ಯಾಡ. ಮಾಡ ನೋಡು."

"ಅಂವಗ ಕಣ್ಣಿಲ್ಲೇನು? ಕಲಿಸಿದಾಂವ ಅಂವನ ಅಲ್ಲೇನ?"

"ನಾನರ ಹೇಳತೇನಿ" ಎಂದು ಬಸು ಮುಂದೆ ಬಂದ. ತಿಂಗಳುಗಳ ಮೇಲೆ ಇಬ್ಬರೂ ಎದುರುಬದುರಾದರು. "ಸರ್, ಈಗ ಬ್ಯಾಡ್ರಿ. ಮಾಡ ಇಳ್ಯಾಕತ್ತೈತಿ" ಎಂದ. ಗಿರಿಧರ ಅವನ ಕಡೆ ನೋಡದೆ ಪತಂಗಕ್ಕೆ ಗಾಳಿ ತುಂಬಿದ. ಗಿರಾಕಿಗಳ ಮುಂದೆ ಅವನಿಂದ ಬೇರೇನೂ ಆಗುವಂತಿರಲಿಲ್ಲ.

ಎದ್ದಾಗ ಚೆಂದವೇ ಇತ್ತು. ಕೆಂಪು ಪತಂಗ, ಬಿಳಿ ನೊರೆ. ನಾನು ಜೀಪು ಹೊಡೆದೆ, ಗಿರಾಕಿಗಳು ಹಿಂದೆ ಬಂದರು. ಮೊದಲ ಇಳಿತಾಣ ಬಂತು. ಅಂದರೆ ಅವನ ನಕ್ಷೆಯಲ್ಲಿ ಬಂತು. ನೆಲದ ಮೇಲೆ ಅದು ಮುಳುಗಿ ವಾರ ಕಳೆದಿತ್ತು. ನೀರಿನಿಂದ ಬೇಲಿಯ ಗೂಟಗಳ ತುದಿ, ತಂತಿಯ ಸುರುಳಿ ಇಣುಕುತ್ತಿದ್ದವು. ಹತ್ತಿರ ಬಂದವನು ಅದನ್ನು ಕಂಡು ಬೆಚ್ಚಿ ಪತಂಗ ತಿರುಗಿಸಿ ಮತ್ತೆ ಒಳನೀರಿಗೆ ಹೋದ. ಅಷ್ಟರಲ್ಲಿ ಮೋಡ ಇಳಿಯಿತು. ಗಾಳಿ ಜೀಪಿನ ಹುಡ್ ಹರಿಯುವಂತೆ ಬಂತು. ಎರಡನೆಯ ಜಾಗದಲ್ಲಿ ಹಸಿರು ಹುಲ್ಲು ಕಂಡಿರಬೇಕು ಅವನಿಗೆ, ಆಸೆಯಿಂದ ಓಡಿಬಂದ. ಹುಲ್ಲಿನ ತುಂಬ ಸಿದ್ದಪ್ಪ ಕಾಕಾನ ಕುರಿ. ಕಾಕಾ ಕಂಬಳಿ ಬೀಸುತ್ತ ನೀರಿಗೇ ಇಳಿದು ನಿಂತಿದ್ದರು.

"ಏ, ಆಚಿ ಹೋಗೋ. ನನ್ನ ಕುರಿ ಬೆದರಿಸಿದ್ರ ಬಡಗಿ ತಗೋತೇನಿ ನೋಡ."

ಪತಂಗ ಅಲ್ಲಿ ಇಳಿಸಿದರೆ ಕುರಿಗಳ ಮೇಲೆಯೇ ಬೀಳುತ್ತಿತ್ತು. ಅವನು ಹೊರಳಿದ, ಗಾಳಿ ಎತ್ತಿ ಒಗೆಯಿತು, ಪತಂಗ ನೀರಿಗೆ ಬಿದ್ದು ದಾರಗಳೆಲ್ಲ ಗಂಟಾದವು. ಮೂಡಣಕ್ಕೆ, ಬೇವಿನ ಮರದ ಕಡೆಗೆ ತೇಲತೊಡಗಿದ. ಮರದ ಆಚೆಗೆ ಆಣೆಕಟ್ಟಿನ ಕಲ್ಲಿನ ಗೋಡೆ ಬೂದಿಬಣ್ಣದಲ್ಲಿ ಕಾಣುತ್ತಿತ್ತು.

ನನಗೆ ಸಂತೋಷವಾಯಿತು. ಅವನ ತಲೆ ಮುಳುಗಿ ಏಳುವುದನ್ನು ನೋಡುತ್ತ, ಇನ್ನೂ ಸ್ವಲ್ಪ, ಇನ್ನೂ ಸ್ವಲ್ಪ ಎಂದುಕೊಂಡೆ. ಇದನ್ನು ಬರೆಯುವಾಗಲೂ ನನಗೆ ಕೆಡುಕೆನಿಸುತ್ತಿಲ್ಲ. ಅವನು ಸಾಯಲಿ ಎಂದಲ್ಲ. ಸತ್ತರೆ ಮೂಡಲಗಿಗೆ ಯಾರು ಬರುತ್ತಾರೆ? ನೀರಿನಲ್ಲಿ ಒಬ್ಬನೇ ಇರುವುದು ಏನೆಂದು ತಿಳಿಯಲಿ ಎಂದು. ಬಸುವಿಗೆ ಹೇಳೋಣವೆಂದು ಹಿಂದೆ ತಿರುಗಿದರೆ ಜೀಪಿನ ಹಿಂದಿನ ಸೀಟು ಖಾಲಿ. ಅವನು ನಮ್ಮ ಜೊತೆ ಹತ್ತಿರಲೇ ಇಲ್ಲ. ಹಿನ್ನೀರಿನ ಮೇಲೆ ಎಂಜಿನ್ ಸದ್ದು ಕೇಳಿಸಿತು. ರಾಜೇಸಾಬ ಚುಕ್ಕಾಣಿ ಹಿಡಿದಿದ್ದ, ಬಸು ಮೂತಿಯ ಮೇಲೆ ಕೂತಿದ್ದ.

ದೋಣಿ ನಮ್ಮ ಮುಂದೆ ಹಾದಾಗ ಕೂಗಿದೆ. "ತಡಿಯೋ ತಮ್ಮಾ. ಸ್ವಲ್ಪ ನೀರ ಕುಡೀಲಿ. ಮೊದ್ಲ ಮಾತ ತಗೋ."

"ನೀ ಸುಮ್ಕಿರ ಯಕ್ಕಾ" ಎಂದ, ನನ್ನ ಕಡೆ ತಿರುಗದೆ.

ಬೇವಿನ ಮರದ ನೇರಕ್ಕೆ ಅವನನ್ನು ಹಿಡಿದರು. ದಾರ ಗಿರಿಧರನ ತೋಳಿಗೆ ಸುತ್ತಿಕೊಂಡಿತ್ತು. ಬಸು ಬಗ್ಗಿ, ಬೆರಳು ಮಡಚದ ಕೈಯಿಂದ ಅವನ ಕೊರಳಪಟ್ಟಿ ಒತ್ತಿ ಹಿಡಿದು, ಇನ್ನೊಂದು ಕೈಯಿಂದ ದಾರ ಕತ್ತರಿಸಿ ಎಳೆದು ಹಾಕಿದ. ಚೌಕಾಶಿಗೆ ಅಷ್ಟು ಒಳ್ಳೆಯ ಹೊತ್ತು ಮತ್ತೆ ಸಿಗುವುದಿಲ್ಲ. ನನ್ನ ತಮ್ಮ ಅದನ್ನು ಹಾಗೇ ಬಿಟ್ಟ. ಅವನ ಮೇಲೆ ನನಗೆ ಆ ಸಿಟ್ಟು ಇನ್ನೂ ಇದೆ.

ದಂಡೆಗೆ ತಂದು ಕೂರಿಸಿದಾಗ ಗಿರಿಧರನ ತುಟಿ ನೀಲಿ. ಹೊದಿಸಲು ಬೇರೇನೂ ಇಲ್ಲದೆ ಜೀಪಿನಲ್ಲಿದ್ದ ತಾಡಪತ್ರಿ ಸುತ್ತಿದೆ. ಡಾಕ್ಟರಬಾಯಿ ನಾಡಿ ನೋಡಿದಳು. ಆಮೇಲೆ ಬಸುವಿನ ಕೈ ನೋಡಿದಳು.

"ಇದ ಯಾವಾಗ ಆಗಿದ್ದು?"

"ಸಮುದ್ರದಾಗ್ರಿ, ಬ್ಯಾಸಗ್ಯಾಗ" ಎಂದ ಬಸು.

ಅವಳು ಗಿರಿಧರನ ಕಡೆ ತಿರುಗಿದಳು. "ಕುಡದ ಬಂದು ಕೈ ಕಳಕೊಂಡ ಅಂತ ಹೇಳಿದ್ರಲ್ಲ, ಆ ಹುಡುಗ ಇವನ ಏನ್ರಿ? ಅವತ್ತ ದೋಣಿ ಇತ್ತೇನ್ರಿ?"

ನಾನು ಅವನ ಎದುರು ಕೂತು, ಹಿಂದಿನ ಸಂಜೆ ಹೇಳಿದ ರೇಟನ್ನು ಒಂದು ಅಕ್ಷರ ಹೆಚ್ಚುಕಡಿಮೆ ಮಾಡದೆ ಎಲ್ಲರ ಮುಂದೆ ಮತ್ತೆ ಹೇಳಿದೆ. ಡಾಕ್ಟರಬಾಯಿ ಎದ್ದು ಉಳಿದವರನ್ನು ನೋಡಿದಳು. "ಇವರು ಮೂಡಲಗಿಗೆ ಹೋಗಿ ಬರೂತನಕ ನಮ್ಮೊಳಗ ಯಾರೂ ನೀರಿಗೆ ಇಳ್ಯಾಂಗಿಲ್ಲ. ಇಳದ್ರೂ ಈ ಹುಡುಗ ಹೂಂ ಅಂದ್ರ ಅಷ್ಟ" ಎಂದಳು. ಗಿರಿಧರ ತಾಡಪತ್ರಿಯ ಅಂಚನ್ನು ಎದೆಗೆ ಎಳೆದುಕೊಂಡ.

"ಮೂಡಲಗಿ ಎಷ್ಟು ದೂರ?" ಎಂದ.

ಪ್ರವಾಸ ಆಮೇಲೆ ನಡೆಯಿತು, ಬಸು ಮುಗಿಲು ನೋಡಿ ಒಪ್ಪಿದ ದಿನ, ಎಲ್ಲರೂ ಬೇವಿನ ಮರಕ್ಕಿಂತ ಮುಂಚೆಯೇ ಒಣನೆಲದ ಮೇಲೆ ಇಳಿದರು. ಅದನ್ನು ಇಲ್ಲೇ ಹೇಳಿ ಮುಗಿಸುತ್ತೇನೆ, ಯಾಕೆಂದರೆ ನನಗೆ ಬೇಕಾದ ಪ್ರವಾಸ ಅದಾಗಿರಲಿಲ್ಲ.

ಗಿರಿಧರನನ್ನು ನೀರಿನಿಂದ ಎತ್ತಿದ ಮರುದಿನ ಅವನು, ಬಸು, ನಾನು ಮಲ್ಲಪ್ಪನವರ ಪಡಸಾಲೆಯಲ್ಲಿ ಕೂತೆವು. ಮೊದಲೇ ಹೇಳಿ ಕಳಿಸಿದ್ದೆ, ಓಣಿಯ ನಾಲ್ಕು ಜನರೂ ಬಂದಿದ್ದರು. ಅದೂ ನನ್ನ ಲೆಕ್ಕದಲ್ಲಿತ್ತು. ಅಡುಗೆಮನೆಯ ಬಾಗಿಲಲ್ಲಿ ರೇಣುಕಾ ನಿಂತಿದ್ದಳು. ಮಲ್ಲಪ್ಪ ಚಹಾ ತರಲು ಹೇಳಿದರು. "ಚಾ ಆಮ್ಯಾಲ್ರಿ ಬೀಗರ. ಮೊದ್ಲ ಇವರ ಮಾತ ಮುಗೀಲಿ" ಎಂದೆ.

ಗಿರಿಧರ ಶುರು ಮಾಡಿದ. "ಬಸವರಾಜನ ವಿಷಯದಲ್ಲಿ ಸ್ವಲ್ಪ ತಪ್ಪು ತಿಳುವಳಿಕೆ ಆಗಿದೆ..."

"ತಿಳುವಳಿಕಿ ತಪ್ಪಿಲ್ರಿ. ಎಲ್ಲಾರೂ ನೀವ ಹೇಳಿದ್ದನ್ನ ಬರೋಬರಿ ತಿಳಕೊಂಡಾರ. ನೀವ ಹೇಳಿದ್ದ ಏನು?"

"ಆ ಹೊತ್ತಿನ ಒತ್ತಡದಲ್ಲಿ ನಾನು ಏನೋ..."

"ಏನೋ ಅಲ್ರಿ. ಏನಂದ್ರಿ?"

"ಕುಡಿದಿದ್ದ ಅಂದೆ."

"ಕುಡದಿದ್ನೇನ್ರಿ?"

"ಇಲ್ಲ."

"ಅದಕ್ಕ ಏನಂತಾರ್ರಿ ನಿಮ್ಮ ಕಡಿ?"

ಓಣಿಯ ಜನರಲ್ಲಿ ಒಬ್ಬರು ಕೆಮ್ಮಿದರು. "ಸುಳ್ಳು" ಎಂದ ಗಿರಿಧರ. "ನಾನು ಸುಳ್ಳು ಹೇಳಿದೆ. ದೋಣಿಯನ್ನು ನಾನೇ ಬೇರೆ ಕಡೆ ಕಳಿಸಿದ್ದೆ."

ನನ್ನ ರೇಟು ಪೂರ್ತಿ ಬಂತು. ಬೆನ್ನು ಗೋಡೆಗೆ ಆನಿಸಿ ಕೂತೆ. ಮಲ್ಲಪ್ಪನವರ ಮುಖ ಕೆಂಪಾಗಿತ್ತು, ಪೇಟ ಸರಿಮಾಡಿಕೊಂಡು ನನ್ನ ಕಡೆ ತಿರುಗಿದರು. "ಶಾಂತಕ್ಕಾ, ಆದದ್ದ ಆತು. ಇನ್ನ ಮುಂದಿನ ಮಾತ ಆಡೂಣ್ರಿ."

"ಅಪ್ಪಾ, ನೀವ ಸುಮ್ನ ಕೂಡ್ರಿ."

ಹೇಳಿದವಳು ರೇಣುಕಾ. ಚಹಾದ ತಟ್ಟೆ ಹಿಡಿದು ಹೊರಗೆ ಬಂದಿದ್ದಳು. ಎಲ್ಲರ ಮುಂದೆ ಕಪ್ಪು ಇಟ್ಟಳು, ಗಿರಿಧರನ ಮುಂದೆಯೂ ಇಟ್ಟಳು, ಅವನು ಕೈ ಚಾಚುವ ಮೊದಲೇ ಕೇಳಿದಳು.

"ಅವತ್ತ ಇವರು ಎಷ್ಟೊತ್ತ ನೀರಾಗಿದ್ರು?"

ಗಿರಿಧರನ ಕೈ ಅಲ್ಲೇ ನಿಂತಿತು. "ಅದು... ನನಗೆ ಗೊತ್ತಿಲ್ಲ."

"ಕೇಳಲಿಲ್ಲೇನ್ರಿ?"

"ಇಲ್ಲ."

"ಈಗ ಕೇಳ್ರಿ."

ಗಿರಿಧರ ಬಸುವಿನ ಕಡೆ ತಿರುಗಿದ. ಅವನ ಹೆಸರು ಹಿಡಿದು, ಎಷ್ಟು ಹೊತ್ತು ಇದ್ದೆ ಎಂದು ಕೇಳಿದ. ಬಸು ಹೇಳಲು ಶುರು ಮಾಡಿದ. ದಂಡೆಯ ತೆಂಗಿನ ಗಿಡಗಳು ಕಡ್ಡಿಯಷ್ಟಾದದ್ದು, ಬೆರಳು ಮೊದಲು ಉರಿದು ಆಮೇಲೆ ಇಲ್ಲವೇ ಇಲ್ಲ ಅನ್ನಿಸಿದ್ದು, ಹೊತ್ತು ಮುಳುಗುವಾಗ ದೂರದಲ್ಲಿ ಒಂದು ದೋಣಿ ಕಂಡು ತನ್ನ ಸರ್ ಬಂದರು ಎಂದು ಕೂಗಿದ್ದು, ಅದು ಬೇರೆ ಯಾರದೋ ದೋಣಿಯಾಗಿ ಹೊರಳಿ ಹೋದದ್ದು. ಇದರಲ್ಲಿ ಒಂದು ಮಾತನ್ನೂ ಅವನು ನನಗೆ ಹೇಳಿರಲಿಲ್ಲ. ಹಿನ್ನೀರಿನ ದಂಡೆಯನ್ನೆಲ್ಲ ತಿರುಗಿ, ಮನೆಮನೆಯ ಚಹಾ ಕುಡಿದು, ಎಷ್ಟೋ ದಿನ ಕಾದು ಕೇಳಿದ ನನ್ನ ಬೆಲೆ ಎಷ್ಟು ಕಡಿಮೆಯದಾಗಿತ್ತು ಎಂದು ನನಗೆ ಆಗ ತಿಳಿಯಿತು.

ಗಿರಿಧರ ಒಮ್ಮೆ ಎದ್ದೇಳಲು ನೋಡಿದ. ಬಾಗಿಲಲ್ಲಿ ಓಣಿಯವರು ಕೂತಿದ್ದರು, ಯಾರೂ ಸರಿಯಲಿಲ್ಲ. ಮತ್ತೆ ಕೂತ. ಬಸುವಿನ ಮಾತು ನಿಂತಾಗಲೆಲ್ಲ ರೇಣುಕಾ, ಗಿರಿಧರನ ಮುಖದ ಮೇಲಿನ ಕಣ್ಣು ತೆಗೆಯದೆ, "ಮುಂದ?" ಅನ್ನುತ್ತಿದ್ದಳು.